ಗಾಜಿನ ಪೆಟ್ಟಿಗೆಯಲ್ಲಿ ಅವ್ವನ ಕರಡಿಗೆ

ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಯಾವಾಗ ಬಂದ್ ಮಾಡುತ್ತಾರೆ ಎಂಬ ಸುದ್ದಿ ಈಗ ಅಂಗೈಯೊಳಗಿನ ಫೋನಿಗೇ ಬಂದು ಬೀಳುತ್ತದೆ. ನಾವು ಸಣ್ಣವರಿದ್ದಾಗ ಅದನ್ನು ಮೂಗು ಹೇಳುತ್ತಿತ್ತು. ಬೇಸಿಗೆ ಬಲಿತ ಒಂದು ಮುಂಜಾನೆ ಊರಿಗೆಲ್ಲ ಹಸಿ ಕೆಸರಿನ, ಪಾಚಿಯ, ಸತ್ತ ಮೀನಿನ ವಾಸನೆ ಕವಿದರೆ ಕಾಲುವೆ ಬತ್ತಿತು ಎಂದೇ ಅರ್ಥ. ಸಿರುಗುಪ್ಪದಿಂದ ಹಚ್ಚೊಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಆ ವಾಸನೆ ಬಂದ ಮೇಲೆ ನಮ್ಮೂರಿನ ಯಾವ ಮಗುವೂ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಅಲ್ಲಲ್ಲಿ ಉಳಿದ ಗುಂಡಿಗಳಲ್ಲಿ ಹಳೆ ಸೀರೆ ಬಿಟ್ಟು ಮೀನು ಹಿಡಿಯುವವರು ಕೆಲವರು, ಕಪ್ಪೆಚಿಪ್ಪು ಆರಿಸುವವರು ಕೆಲವರು. ನಾವು ಹುಡುಗಿಯರು ಬಿಸಿಲಿಗೆ ಒಣಗಿ ಹಪ್ಪಳದಂತೆ ಮೇಲೆದ್ದ ಕೆಸರಿನ ಹೆಕ್ಕಳಿಕೆಗಳನ್ನು ಮುರಿಯದ ಹಾಗೆ ಎತ್ತಿ ಒಂದರ ಮೇಲೊಂದು ಒಟ್ಟಿ ರೊಟ್ಟಿ ಅಂಗಡಿ ಇಡುತ್ತಿದ್ದೆವು. ಕೊಳ್ಳಲು ಬಂದವರು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಂತೆ ಮಾಡಿ, "ಉಪ್ಪು ಕಡಿಮಿ ಆತಲೇ" ಎನ್ನಬೇಕು. ಇಲ್ಲದಿದ್ದರೆ ವ್ಯಾಪಾರವಿಲ್ಲ.

ನಾನು ಹೇಳಹೊರಟಿರುವ ಬೇಸಿಗೆಯಲ್ಲಿ ಮಾತ್ರ ನಾನು ಕಾಲುವೆಗೆ ಇಳಿಯಲಿಲ್ಲ. ನನ್ನ ಅಜ್ಜಿ ಇಳಿದಳು.

ಅಜ್ಜಿ ಎಂದರೆ ಅವ್ವನ ತಾಯಿ, ಈರಮ್ಮ. ನಾನು ಕೈಗೂಸಾಗಿದ್ದಾಗಲೇ ಅಪ್ಪ ಜ್ವರ ಬಂದು ತೀರಿಕೊಂಡಿದ್ದ. ಹಾಗಾಗಿ ಅವ್ವ ನನ್ನನ್ನು ಕರೆದುಕೊಂಡು ತವರಿಗೇ ಬಂದಿದ್ದಳು. ಆ ಮನೆಯಲ್ಲಿ ನಾವು ಮೂವರೇ ಹೆಂಗಸರು. ಅವ್ವನ ಹೆಸರು ನೀಲಮ್ಮ. ನಾಟಿ ಹಚ್ಚುವ ಹೆಣ್ಣಾಳುಗಳ ಗುಂಪಿನಲ್ಲಿ ಆಕೆಯ ಕೈ ಬಲು ಚುರುಕು ಎಂದು ಹೆಸರಾಗಿತ್ತು. ಕೆಲಸಕ್ಕೆ ಹೋಗುವಾಗ ಸೀರೆಯ ಮೇಲೆ ಅಪ್ಪನ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತಿದ್ದಳು. ಸಂಜೆ ಬಂದು ಆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ಅದರಿಂದ ಕೆಸರು, ಭತ್ತದ ಸಸಿ, ಬೆವರು, ಎಲೆಅಡಿಕೆ ಎಲ್ಲದರ ವಾಸನೆ ಬರುತ್ತಿತ್ತು. ನಾನು ಅದರೊಳಗೆ ತಲೆ ತೂರಿಸಿ ನಿಲ್ಲುತ್ತಿದ್ದೆ. "ಬಾರಲೇ ಪಾರಿ ಹೊರಗ, ಅದರಾಗೇನು ಜಾತ್ರಿ ಐತೇನು?" ಎಂದು ಅವ್ವ ನಗುತ್ತಿದ್ದಳು.

ಹಿಂದಿನ ಶ್ರಾವಣದಲ್ಲಿ ಕುರುಗೋಡಿನ ಕಡೆಯಿಂದ ನಾಟಿಗೆ ಕರೆ ಬಂತು. ಹೆಂಗಸರೆಲ್ಲ ಟ್ರ್ಯಾಕ್ಟರಿನ ಟ್ರಾಲಿ ಹತ್ತಿ ಹೋದರು. ಕಾಲುವೆ ಏರಿಯ ಮೇಲೆ, ಎದುರಿಗೆ ಬಂದ ಗಾಡಿಗೆ ದಾರಿ ಬಿಡಲು ಹೋಗಿ ಟ್ರಾಲಿ ಮಗುಚಿತು. ಕಾಲುವೆ ಆಗ ತುಂಬಿ ಹರಿಯುತ್ತಿತ್ತು. ಕೆಲವರು ಉಳಿದರು, ಬಹಳ ಜನ ಉಳಿಯಲಿಲ್ಲ. ಸಂಜೆಯೊಳಗೆ ಒಬ್ಬೊಬ್ಬರನ್ನೇ ತಂದು ಏರಿಯ ಮೇಲೆ ಮಲಗಿಸಿದರು. ಅವ್ವ ಮಾತ್ರ ಸಿಗಲಿಲ್ಲ.

ನಮ್ಮ ಕಾಲುವೆಯ ನೀರು ಮುಂದೆ ಆಂಧ್ರಕ್ಕೆ ಹೋಗುತ್ತದೆ. ಅಜ್ಜಿ ಅದರ ಜೊತೆಗೇ ನಡೆದಳು. ತೂಬು ತೂಬಿನ ಹತ್ತಿರ ನಿಂತು, ಬಟ್ಟೆ ಒಗೆಯುವವರನ್ನು, ಎಮ್ಮೆ ಮೈ ತೊಳೆಯುವವರನ್ನು ತನಗೆ ಬರುತ್ತಿದ್ದ ತೆಲುಗಿನಲ್ಲಿ, "ನಾ ಬಿಡ್ಡ ಕನಪಡಿಂದಾ ನಾಯನಾ?" ಎಂದು ಕೇಳಿದಳಂತೆ. ನನ್ನ ಕೂಸು ಕಂಡಿತೇನಪ್ಪಾ ಎಂದು. ಅವರು ಪಾಪ, ಸಣ್ಣ ಮಗುವೊಂದು ಕಳೆದಿದೆ ಎಂದುಕೊಂಡು ಊರೊಳಗೆಲ್ಲ ಹುಡುಕಿಸಿದರಂತೆ. ವಾಪಸು ಬಂದಾಗ ಅಜ್ಜಿಯ ಪಾದದಲ್ಲಿ ಚರ್ಮವೇ ಉಳಿದಿರಲಿಲ್ಲ.

ನಾವು ಲಿಂಗ ಕಟ್ಟುವ ಮನೆತನದವರು. ಹುಟ್ಟಿದ ಕೂಸಿಗೆ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಅದು ಸಾಯುವ ತನಕ ಮೈಮೇಲೇ ಇರಬೇಕು, ಸತ್ತ ಮೇಲೆ ಅಂಗೈಯಲ್ಲಿಟ್ಟು ಜೊತೆಗೇ ಮಣ್ಣು ಮಾಡಬೇಕು. ಅಜ್ಜಿ ದಿನಾ ಮುಂಜಾನೆ ಮಿಂದು, ಕೊರಳಿನ ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು, ಮಜ್ಜನದ ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಆಮೇಲೆಯೇ ಬಾಯಿಗೆ ಒಂದು ತುತ್ತು ಹಾಕುತ್ತಿದ್ದಳು. ನಾನೂ ಪಕ್ಕದಲ್ಲಿ ಕುಳಿತು ಮಾಡಿದಂತೆ ಮಾಡುತ್ತಿದ್ದೆ. ಬಲಗೈ ಚಾಚಿದರೆ ಮೊಣಕೈಗೊಂದು ಹೊಡೆತ ಬೀಳುತ್ತಿತ್ತು. "ಆ ಕೈ ಉಣ್ಣಾಕಲೇ. ಈ ಕೈ ದೇವರಿಗೆ."

ಅವ್ವನ ಲಿಂಗಕ್ಕೆ ಬೆಳ್ಳಿಯ ಕರಡಿಗೆ ಇತ್ತು. ಅಜ್ಜ ತೀರಿಕೊಂಡಾಗ ಅಜ್ಜಿ ತನ್ನ ಕಾಲುಂಗುರ, ಕಾಲಗಡಗ ಎಲ್ಲ ಕರಗಿಸಿ ಸಿರುಗುಪ್ಪದ ಅಕ್ಕಸಾಲಿಗನ ಹತ್ತಿರ ಮಾಡಿಸಿದ ಡಬ್ಬಿ ಅದು. ನನಗೆ ಹಲ್ಲು ಮೂಡುವಾಗ ಅವ್ವನ ಎದೆಗೊರಗಿ ಅದನ್ನೇ ಕಚ್ಚುತ್ತಿದ್ದೆನಂತೆ. ಒಂದು ಮೂಲೆಯಲ್ಲಿ ಸಣ್ಣ ಸಣ್ಣ ತಗ್ಗು ಬಿದ್ದಿದ್ದವು.

ಅವ್ವ ಹೋದಳು ಎಂಬ ಮಾತನ್ನು ಅಜ್ಜಿ ಒಪ್ಪಲಿಲ್ಲ. ಕುರುಗೋಡಿನ ಹತ್ತಿರ, ಟ್ರಾಲಿ ಮಗುಚಿದ ಜಾಗದಲ್ಲಿ ಸತ್ತವರ ಹೆಸರಿನ ಕಲ್ಲು ನಿಲ್ಲಿಸುತ್ತಾರೆ, ಪಕ್ಕದಲ್ಲಿ ಅವರ ಸಾಮಾನುಗಳನ್ನಿಟ್ಟು ನೆನಪಿನ ಮನೆ ಕಟ್ಟುತ್ತಾರೆ ಎಂದು ಬಳ್ಳಾರಿಯ ಕೆಲವು ದೊಡ್ಡವರು ಸೇರಿಕೊಂಡು ಮನೆಮನೆಗೂ ಹೇಳಿಕಳಿಸಿದ್ದರು. ಅಜ್ಜಿ ಬಾಗಿಲಲ್ಲೇ, "ನನ್ನ ಮಗಳು ಸತ್ತಾಳಂತ ನಿಮಗ ಹೇಳಿದಾವ ಯಾವ?" ಎಂದು ಗದರಿ ಕಳಿಸಿದಳು. ಬೇಸಿಗೆಯಲ್ಲಿ ನೀರು ನಿಂತ ಕೂಡಲೇ ಒಂದು ಕೋಲು ಹಿಡಿದು ಕಾಲುವೆಗೆ ಇಳಿದಳು. ಮುಂಜಾನೆ ಹೋದರೆ ಹೊತ್ತು ಮುಳುಗುವಾಗ ಮೊಣಕಾಲ ತನಕ ಕೆಸರು ಮಾಡಿಕೊಂಡು ಬರುತ್ತಿದ್ದಳು. ನನ್ನ ಗೆಳತಿಯರು ಆಟ ನಿಲ್ಲಿಸಿ ಅವಳಿಗೆ ದಾರಿ ಬಿಡುತ್ತಿದ್ದರು. ನಾನು ಏರಿಯ ಜಾಲಿ ಗಿಡದ ಹಿಂದೆ ನಿಂತು ನೋಡುತ್ತಿದ್ದೆ.

ಅಂಥದ್ದೊಂದು ದಿನ ನಮ್ಮ ಅಯ್ಯನವರು ಮನೆಗೆ ಬಂದರು. ಅವ್ವನಿಗೂ ನನಗೂ ಲಿಂಗ ಕಟ್ಟಿದವರು ಅವರೇ. ನೆನಪಿನ ಮನೆಯ ಬಾಗಿಲು ತೆರೆಯುವ ದಿನ ಅವರನ್ನೂ ಕರೆದಿದ್ದರು. ಅಜ್ಜಿ ಆಗ ಸಜ್ಜೆ ರೊಟ್ಟಿಗೆ ಗುರೆಳ್ಳು ಪುಡಿ ಹಚ್ಚಿಕೊಂಡು ಕುಳಿತಿದ್ದಳು.

"ಈರಮ್ಮಾ, ನೀಲಮ್ಮನ ಕರಡಿಗಿ ಸಿಕ್ಕೈತಿ" ಎಂದರು.

ಅಜ್ಜಿಯ ಕೈ ತಾಟಿನಲ್ಲೇ ನಿಂತಿತು. "ಎಲ್ಲಿ ಅಯ್ನೋರ?"

"ಅಲ್ಲೇ, ಆ ನೆನಪಿನ ಮನಿಯಾಗ. ಹೂಳು ತಗಿಯೋರಿಗೆ ಸಿಕ್ಕಿತ್ತಂತ. ಗಾಜಿನ ಪೆಟಿಗ್ಯಾಗ ಇಟ್ಟಾರ, ಲೈಟ್ ಹಚ್ಚಿ."

"ಅಕೀದ ಅಂತ ಹೆಂಗ ಹೇಳ್ತೀರಿ? ಎಷ್ಟೋ ಮಂದಿ ಇದ್ರು."

"ಇಗಾ, ಇಕಿ ಹಲ್ಲಿನ ಗುರುತು ಹಂಗಾ ಐತಿ" ಎಂದು ನನ್ನ ಕಡೆ ತೋರಿಸಿದರು. "ಇಷ್ಟು ದಿನ ನೀ ಅಂದಾಂಗ ನಾನೂ ಸುಮ್ಮನಿದ್ದೆ. ಇನ್ನ ಸಾಕು ತಾಯಿ. ಮೈ ಸಿಗದಿದ್ರ ಲಿಂಗಕ್ಕಾ ಸಮಾಧಿ ಮಾಡಾನು. ತಂದುಬಿಡು. ಅಕಿಗೂ ಒಂದು ಜಾಗ ಆಗತೈತಿ."

ಅಜ್ಜಿ ಅಳಲಿಲ್ಲ. ತಾಟನ್ನು ಮುಂದಕ್ಕೆ ನೂಕಿದಳು. "ನನ್ನ ಮಗಳ ಲಿಂಗ ಮಜ್ಜನ ಇಲ್ದ, ಪತ್ರಿ ಇಲ್ದ ಯಾರ್ದೋ ಪೆಟಿಗ್ಯಾಗ ಕುಂತೈತಿ. ಅದು ನನ್ನ ಕೈಗೆ ಬರೋತನ ನಾನು ಉಣ್ಣಾಂಗಿಲ್ಲ" ಎಂದಳು.

ಅಂದು ಉಣ್ಣಲಿಲ್ಲ, ಮರುದಿನವೂ ಉಣ್ಣಲಿಲ್ಲ. ಬರೀ ನೀರು ಕುಡಿಯುತ್ತಿದ್ದಳು. ಮೊದಲೇ ಕಾಲುವೆ ತಿರುಗಿ ಕಡ್ಡಿಯಾಗಿದ್ದ ಜೀವ, ಒಲೆಯ ಮುಂದಿನಿಂದ ಏಳಬೇಕಾದರೆ ಗೋಡೆ ಹಿಡಿಯುತ್ತಿತ್ತು. ಅವ್ವ ಹೋದಾಗ ನನಗೆ ಸರಿಯಾಗಿ ಏನೂ ತಿಳಿದಿರಲಿಲ್ಲ. ಈಗ ತಿಳಿಯುತ್ತಿತ್ತು. ಈ ಮನೆಯಲ್ಲಿ ನಾನೊಬ್ಬಳೇ ಉಳಿಯಬಹುದು ಎಂದು.

ಕುರುಗೋಡಿಗೆ ನಮ್ಮ ಜೊತೆ ಬಂದವಳು ಪಕ್ಕದ ಮನೆಯ ಹುಸೇನಬಿ. ನಾನು ಅತ್ತಿ ಎಂದು ಕರೆಯುತ್ತಿದ್ದೆ. ಅವ್ವನ ಜೊತೆಗೇ ನಾಟಿಗೆ ಹೋಗುತ್ತಿದ್ದವಳು, ಅಂದು ಅದೇ ಟ್ರಾಲಿಯಲ್ಲಿದ್ದವಳು, ಉಳಿದು ಬಂದವಳು. "ನನ್ನ ಜಡಿ ನನ್ನ ಉಳಿಸ್ತು" ಎನ್ನುತ್ತಿದ್ದಳು. ಯಾರೋ ಪುಣ್ಯಾತ್ಮ ಜಡೆ ಹಿಡಿದು ಎಳೆದು ಹಾಕಿದ್ದನಂತೆ. ಅಜ್ಜಿ ಅವಳನ್ನು ಕೇಳದ ದಿನವಿರಲಿಲ್ಲ, "ನೀಲಮ್ಮ ಎಲ್ಲಿದ್ಲು, ಏನಂದ್ಲು?" ಎಂದು. ಅವಳ ಉತ್ತರವೂ ಒಂದೇ. "ಟ್ರಾಲಿ ಮಗುಚಿದ್ದಷ್ಟ ಗೊತ್ತು ನೋಡಬೇ. ಕಣ್ಣು ಮುಚ್ಚಿಕೊಂಡೆ. ತಗದಾಗ ಏರಿ ಮ್ಯಾಲಿದ್ದೆ. ನಾನು ಯಾರನ್ನೂ ನೋಡಲಿಲ್ಲ." ಈ ಮಾತು ನನಗೆ ಬಾಯಿಪಾಠವಾಗಿತ್ತು.

ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಹುಸೇನಬಿ ಅತ್ತೆ ಮಂಡಾಳು ಒಗ್ಗರಣಿ, ಎಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದಳು. ಆ ಬಿಸಿ ಎಣ್ಣೆಯ ವಾಸನೆಗೆ ನನ್ನ ಬಾಯಲ್ಲಿ ನೀರು. ಅಜ್ಜಿ ಮುಖ ಆಚೆ ತಿರುಗಿಸಿದಳು.

"ಈರಮ್ಮ, ಒಂದು ಹಿಡಿ ತಿನ್ನು. ಬಸ್ಸಿನಾಗ ಬಿದ್ದರ ನಿನ್ನ ಹೊತ್ತುಗೊಂಡು ಹೋಗಾಕ ನನ್ನ ಕೈಲಿ ಆಗಾಂಗಿಲ್ಲ ನೋಡು."

"ಬೀಳಾಂಗಿಲ್ಲ ಬಿಡು."

"ನೀ ಸತ್ರ ಈ ಕೂಸು ಯಾರಿಗೆ? ನಾನು ಸಾಕಲಾ? ಶುಕ್ರವಾರಕ್ಕೊಮ್ಮಿ ಮಸಾಲಿ ಹಾಕಿ ಕುರಿ ಸಾರು ಮಾಡ್ತೀನಿ. ನಿಮ್ಮ ಅಯ್ನೋರು ಬಂದು ನನ್ನ ಒಲಿಗೇ ಸಮಾಧಿ ಕಟ್ಟತಾರ."

ಅಜ್ಜಿಯ ತುಟಿ ಒಂದಿಷ್ಟು ಅಲುಗಿತು. ನಗುವಷ್ಟು ಶಕ್ತಿ ಇರಲಿಲ್ಲವೋ ಏನೋ. ನಾನು ಪೊಟ್ಟಣ ಬಿಚ್ಚಲಿಲ್ಲ. ಅಜ್ಜಿ ಉಪವಾಸ ಕುಳಿತಿರುವಾಗ ತಿನ್ನುವುದು ಹೇಗೆ? ಅದನ್ನು ಹೊಟ್ಟೆಗೊತ್ತಿಕೊಂಡು ಕುಳಿತೆ. ಎಣ್ಣೆ ನನ್ನ ಲಂಗಕ್ಕೆ ಇಳಿಯಿತು.

ಕುರುಗೋಡಿನ ಗುಡ್ಡದ ಬಂಡೆಗಳು ಕಾಣತೊಡಗಿದಾಗ ಇಳಿದು, ಕಾಲುವೆ ಏರಿ ಹಿಡಿದು ನಡೆದೆವು. ಕಾಲುವೆ ಬರಿದಾಗಿತ್ತು. ಹೆಸರು ಕೆತ್ತಿದ ಕಪ್ಪು ಕಲ್ಲು ಬಿಸಿಲಿಗೆ ಕಾದಿತ್ತು. ನನಗೆ ಓದಲು ಬರುತ್ತಿತ್ತು. ನೀಲಮ್ಮ ಎಂಬ ಹೆಸರು ಕಂಡಿತು. ಅಜ್ಜಿ ಅದರ ಕಡೆ ನೋಡಲೂ ಇಲ್ಲ.

ನೆನಪಿನ ಮನೆ ಎಂದರೆ ಉದ್ದನೆಯ ಒಂದೇ ಕೋಣೆ. ಒಳಗೆ ಸುಣ್ಣದ ಹೊಸ ವಾಸನೆ, ಊದಿನಕಡ್ಡಿಯ ವಾಸನೆ. ಗೋಡೆಗುಂಟ ಗಾಜಿನ ಹಿಂದೆ ಬುತ್ತಿ ಕಟ್ಟಿದ ಬಟ್ಟೆಗಳು, ನಗ್ಗಿದ ಡಬ್ಬಿಗಳು, ಬಳೆಚೂರು, ಎಲೆಅಡಿಕೆಯ ಸಂಚಿ. ತುಂಬುತೋಳಿನ ಅಂಗಿಗಳನ್ನು ಒಗೆದು ಇಸ್ತ್ರಿ ಮಾಡಿ ಸಾಲಾಗಿ ತೂಗುಹಾಕಿದ್ದರು. ನಾನು ಮೂಗು ಗಾಜಿಗೆ ಒತ್ತಿ ನಿಂತೆ. ಸಾಬೂನಿನ ವಾಸನೆಯೂ ಹೊರಗೆ ಬರಲಿಲ್ಲ.

ಅಷ್ಟರಲ್ಲಿ ಚಪ್ಪಲಿಗಳಿದ್ದ ಕಡೆಯಿಂದ ಹುಸೇನಬಿ ಅತ್ತೆಯ ಕೂಗು ಎದ್ದಿತು.

"ಏ ತಮ್ಮಾ! ಇದು ನನ್ನ ಚಪ್ಪಲಿಲೇ!"

ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡಿದ್ದ ಕಾವಲುಗಾರ ಓಡಿ ಬಂದ. "ಮುಟ್ಟಬ್ಯಾಡ್ರಿ ಅಮ್ಮಾ. ಇವು ತೀರಿಕೊಂಡೋರ ಚಪ್ಪಲಿರಿ."

"ಯಾವ ತೀರಿಕೊಂಡೋರು? ಹಸರು ಪಟ್ಟಿ, ಉಂಗುಟ ಕಿತ್ತಿತ್ತು, ಪಿನ್ನು ಚುಚ್ಚಿದ್ದೆ. ಇಗಾ ಪಿನ್ನು! ನಾನಿನ್ನೂ ಬದುಕೀನಿ. ನನಗ ಹೂವು ಏರಿಸಿಬಿಟ್ಟೀರಲ್ಲಲೇ!"

"ನಮಗೇನ್ ಗೊತ್ತರಿ. ಎಲ್ಲಾ ಕೂಡಿ ಕಾಲುವ್ಯಾಗ ಸಿಕ್ಕವು."

ಅತ್ತೆ ಇನ್ನೂ ಬೈಯುತ್ತಿದ್ದಳೋ ಏನೋ, ಒಮ್ಮೆಲೇ ಸುಮ್ಮನಾದಳು. ತನ್ನ ಚಪ್ಪಲಿಯ ಪಕ್ಕದಲ್ಲಿದ್ದ ಉಳಿದ ಚಪ್ಪಲಿಗಳನ್ನು ನೋಡುತ್ತಿದ್ದಳು. ಅವು ಯಾರ್ಯಾರವು ಎಂದು ಅವಳಿಗೆ ಗೊತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ನೆಲಕ್ಕೆ ಕುಳಿತಳು. ತನ್ನ ಚಪ್ಪಲಿ ಕೇಳಲಿಲ್ಲ.

ಕೋಣೆಯ ನಡುವೆ ಎತ್ತರದ ಗಾಜಿನ ಪೆಟ್ಟಿಗೆ. ಕೆಂಪು ಬಟ್ಟೆಯ ಮೇಲೆ ಅವ್ವನ ಕರಡಿಗೆ, ಮುಂದೆ ಒಂದು ದಾಸವಾಳ. ಅಜ್ಜಿ ಅದರ ಎದುರು ನಿಂತಳು. ನಾನು ತುದಿಗಾಲಲ್ಲಿ ನಿಂತು ನೋಡಿದೆ. ನನ್ನ ಹಲ್ಲಿನ ತಗ್ಗುಗಳು ಕಂಡವು.

"ಇದನ್ನ ತಗದು ಕೊಡಪ್ಪ. ನನ್ನ ಮಗಳದು. ಮಣ್ಣು ಮಾಡಬೇಕು" ಎಂದಳು ಅಜ್ಜಿ.

ಕಾವಲುಗಾರ ತಬ್ಬಿಬ್ಬಾದ. "ಚಾವಿ ನನ್ನ ಕಡೆ ಇಲ್ಲಬೇ. ಬಳ್ಳಾರಿಯಾಗ ವಕೀಲರ ಕಡೆ ಐತಿ. ಈ ಮನಿ ಕಟ್ಟಿಸಿದೋರಾಗ ಅವರಾ ಹಿರೇರು. ಅವರು ಹೇಳದ ನಾನು ಮುಟ್ಟಾಕ ಬರಾಂಗಿಲ್ಲ."

"ಹಂಗಾದ್ರ ಬಳ್ಳಾರಿಗೆ ನಡೀರಿ" ಎಂದಳು ಅಜ್ಜಿ.

ಬಳ್ಳಾರಿಯಲ್ಲಿ ಕೋಟೆ ಗುಡ್ಡದ ಕೆಳಗಿನ ಓಣಿಯಲ್ಲಿ ವಕೀಲರ ಮನೆ. ಬಂಡೆಯ ಕಾವು ಓಣಿಗೆಲ್ಲ ಇಳಿದು ಒಲೆಯ ಬಾಯಿಯಲ್ಲಿ ನಿಂತಂತೆ ಆಗುತ್ತಿತ್ತು. ಬಾಗಿಲಲ್ಲಿ ತುಳಸಿ ಕಟ್ಟೆ, ಹಣೆಯಲ್ಲಿ ನಾಮ ಇಟ್ಟುಕೊಂಡ ಮುದುಕರು. ಅಜ್ಜಿಯನ್ನು ನೀಲಮ್ಮನ ತಾಯಿ ಎಂದು ಹೇಳಿದೊಡನೆ ಎದ್ದು ನಿಂತು ಕೈಮುಗಿದರು. ಅವರ ಮನೆಯವರು ಮಜ್ಜಿಗೆ ತಂದರು. ಅಜ್ಜಿ ಲೋಟ ಮುಟ್ಟಲಿಲ್ಲ. ನನಗೆ ಕೊಟ್ಟಿದ್ದನ್ನು ನಾನೂ ಕೆಳಗಿಟ್ಟೆ.

"ತಾಯಿ, ಅದನ್ನ ಅಲ್ಲಿಂದ ತೆಗೀಬೇಡ್ರಿ" ಎಂದರು ವಕೀಲರು. "ಬಂದವರೆಲ್ಲ ಅದರ ಮುಂದೆ ನಿಂತು ಕಣ್ಣೀರು ಹಾಕ್ತಾರೆ. ದಿನಾ ಹೂವಿಡಿಸ್ತೀವಿ. ದೇವರ ಹಾಗೆ ನೋಡ್ಕೋತೀವಿ."

"ದೇವರ ಹಾಂಗಲ್ರಿ ಯಪ್ಪಾ, ದೇವರಾ ಅದು. ನಿಮ್ಮ ದೇವರು ಗುಡ್ಯಾಗ ಇರ್ತಾನ, ಹೂವು ಏರಿಸಿದ್ರ ಆತು. ನಮ್ಮದು ಮೈಮ್ಯಾಲ ಇರತೈತಿ. ಅಕಿ ಎಲ್ಲೋ, ಅದು ಎಲ್ಲೋ ಇದ್ದರ ಹೆಂಗ? ಅಕಿಗೂ ಜಾಗ ಇಲ್ಲ, ಅದಕ್ಕೂ ಜಾಗ ಇಲ್ಲ."

"ನನಗೆ ಅರ್ಥ ಆಗ್ತದೆ. ಆದರೆ ನಾನೊಬ್ಬನೇ ನಿರ್ಧಾರ ಮಾಡೋ ಹಾಗಿಲ್ಲ. ಎಲ್ಲರನ್ನೂ ಸೇರಿಸಿ ಮಾತಾಡ್ತೀನಿ. ಮುಂದಿನ ತಿಂಗಳು ಬರ್ರಿ."

"ಮುಂದಿನ ತಿಂಗಳಿಗೆ ನಾನು ಇರಾಂಗಿಲ್ರಿ" ಎಂದಳು ಅಜ್ಜಿ. ಹೆದರಿಸುವ ದನಿಯಲ್ಲಿ ಅಲ್ಲ, ಸಂತೆಯ ದಿನ ಹೇಳುವಂತೆ. ಎದ್ದು ಹೋಗಿ ಗೇಟಿನ ಹೊರಗೆ, ಬಿಸಿಲಿನಲ್ಲಿ, ನೆಲಕ್ಕೆ ಕುಳಿತಳು.

ಹುಸೇನಬಿ ಅತ್ತೆ ಅವಳ ತಲೆಗೆ ತನ್ನ ಸೆರಗು ಹಿಡಿದು ನಿಂತಳು. ಒಳಗಿನಿಂದ ಮಾತು ಕೇಳುತ್ತಿತ್ತು. ವಕೀಲರ ಮನೆಯವರು ಏನೋ ಗಟ್ಟಿಯಾಗಿ ಹೇಳುತ್ತಿದ್ದರು. ಅಜ್ಜಿಯ ಮೈ ಒಂದು ಕಡೆ ವಾಲತೊಡಗಿತು. ನಾನು ನನ್ನ ಬೆನ್ನನ್ನು ಅವಳ ಬೆನ್ನಿಗೆ ಆನಿಸಿ ಕುಳಿತೆ. ಅವಳ ಉಸಿರು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಅದು ನಿಂತೀತು ಎಂದು ನಾನು ನನ್ನ ಉಸಿರು ಹಿಡಿದು ಹಿಡಿದು ಕೇಳುತ್ತಿದ್ದೆ.

ಕೊನೆಗೆ ವಕೀಲರು ಚಪ್ಪಲಿ ಮೆಟ್ಟಿ ಹೊರಗೆ ಬಂದರು. ಕೈಯಲ್ಲಿ ಚಾವಿಯ ಗೊಂಚಲು. ಕಣ್ಣು ಕೆಂಪಾಗಿದ್ದವು. "ಏಳ್ರಿ ತಾಯಿ. ಕಾರಲ್ಲಿ ಹೋಗೋಣ" ಎಂದರು.

ನಾವು ಕುರುಗೋಡಿಗೆ ಮರಳಿದಾಗ ಹೊತ್ತು ಇಳಿದಿತ್ತು. ವಕೀಲರು ಪೆಟ್ಟಿಗೆಯ ಬೀಗ ತೆಗೆದು ಪಕ್ಕಕ್ಕೆ ನಿಂತರು. "ನಾವು ಯಾರೂ ತೆರೆದು ನೋಡಿಲ್ಲ. ತೆರೀಬಾರದು ಅನಿಸ್ತು" ಎಂದರು. ಅಜ್ಜಿ ಕರಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡಳು. ಎಷ್ಟು ದಿನದ ಮೇಲೆ ಅವಳ ಮುಖಕ್ಕೆ ಜೀವ ಬಂದಿತ್ತು! ಕೆಳಗೆ ಕುಳಿತು, ತಂದಿದ್ದ ವಿಭೂತಿ, ಪತ್ರಿ, ನೀರಿನ ತಂಬಿಗೆ ಎಲ್ಲ ಹರಡಿಕೊಂಡಳು. ಮುಚ್ಚಳ ಬಿಗಿದಿತ್ತು. ಉಗುರಿನಿಂದ ಒತ್ತಿ, ಸೆರಗಿನಿಂದ ಹಿಡಿದು ತಿರುವಿ, ಕೊನೆಗೆ ಹಲ್ಲಿನಿಂದ ಕಚ್ಚಿ ತೆರೆದಳು.

ಒಳಗೆ ಕಪ್ಪು ಮಣ್ಣು ಗಟ್ಟಿಯಾಗಿ ಕುಳಿತಿತ್ತು.

ಅಜ್ಜಿ ಅದರ ಮೇಲೆ ನೀರು ಹನಿಸಿದಳು. ಬೆರಳಿನಿಂದ ತಿಕ್ಕಿದಳು. ಮಣ್ಣು ಕರಗಿ ಅವಳ ಅಂಗೈಯ ಗೆರೆಗಳಲ್ಲಿ ಇಳಿದು ನೆಲಕ್ಕೆ ತೊಟ್ಟಿಕ್ಕಿತು. ಇನ್ನೂ ನೀರು ಹಾಕಿದಳು. ಬೆಳ್ಳಿಯ ತಳ ಕಂಡಿತು. ಮತ್ತೇನೂ ಇರಲಿಲ್ಲ. ಲಿಂಗ ಇರಲಿಲ್ಲ. ನೆಲದ ಮೇಲೆ ಹರಿದ ಕೆಸರನ್ನೇ ಬಾಚಿ ಬಾಚಿ ಹುಡುಕಿದಳು. ಸುಣ್ಣ ಬಳಿದ ಹೊಸ ಕೋಣೆಯಲ್ಲಿ ನಮ್ಮ ಕಾಲುವೆಯ ವಾಸನೆ ತುಂಬಿತು.

ವಕೀಲರು ಗೋಡೆಯ ಕಡೆ ಮುಖ ಮಾಡಿದರು. ಅಜ್ಜಿ ಎರಡೂ ಕೆಸರುಗೈಗಳನ್ನು ಮಡಿಲಲ್ಲಿಟ್ಟುಕೊಂಡಳು. "ಇದೂ ಇಲ್ಲ" ಎಂದಳು. ಆಮೇಲೆ ನನ್ನ ಕಡೆ ನೋಡದೆಯೇ, "ಪಾರಿನ್ನ ನೀ ಇಟಗಾ ಹುಸೇನಬಿ. ನಾನಿನ್ನ ಯಾತಕ ಉಣ್ಣಬೇಕು" ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾನು ಅವಳ ಸೀರೆ ಹಿಡಿದು ಜೋರಾಗಿ ಅಳತೊಡಗಿದೆ. "ಯಜ್ಜೀ, ಒಲ್ಲೆ ಯಜ್ಜೀ" ಎಂದು. ಅವಳ ಕೈ ನನ್ನ ತಲೆಗೆ ಬರಲಿಲ್ಲ.

ಹುಸೇನಬಿ ಅತ್ತೆ ಬಂದು ಅಜ್ಜಿಯ ಎದುರು ಕುಕ್ಕರುಗಾಲಲ್ಲಿ ಕುಳಿತಳು.

"ಈರಮ್ಮ, ಅದು ಅದರಾಗ ಹೆಂಗಿರತೈತಿ? ಅಕಿ ತಗಂಡಿದ್ಲಲ್ಲ."

ಅಜ್ಜಿ ತಲೆ ಎತ್ತಿದಳು.

"ಹೌದು. ನೀರಾಗ. ನಾನು ನೋಡೀನಿ. ಇಷ್ಟು ದಿನ ಬಾಯಿ ಬರಲಿಲ್ಲ ನನಗ. ಡಬ್ಬಿ ತಗದು, ಲಿಂಗ ಕೈಯಾಗ ಗಟ್ಟಿ ಹಿಡಕಂಡಿದ್ಲು. ಹಿಂಗ" ಎಂದು ತನ್ನ ಮುಷ್ಟಿ ಬಿಗಿದು ತೋರಿಸಿದಳು. "ಸಿವಾ ಅಂದ್ಲು. 'ನಮ್ಮವ್ವಗ ಹೇಳು' ಅಂದ್ಲು."

ನನ್ನ ಅಳು ನಿಂತುಹೋಯಿತು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು, ಯಾರನ್ನೂ ನೋಡಿರಲಿಲ್ಲ. ಅದನ್ನು ಅವಳ ಬಾಯಿಂದಲೇ ನಾನು ದಿನಾ ಕೇಳಿದ್ದೆ. ಅದೂ ಅಲ್ಲದೆ, ಅವಳು ಎತ್ತಿ ಹಿಡಿದಿದ್ದು ಬಲಗೈ.

ಅಜ್ಜಿಯೂ ಆ ಕೈಯನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತು ನೋಡಿದಳೋ. ಅತ್ತೆಗೆ ತಾನು ಎಲ್ಲೋ ತಪ್ಪಿದೆ ಎಂದು ತಿಳಿಯಿತು, ಎಲ್ಲಿ ಎಂದು ತಿಳಿಯಲಿಲ್ಲ. ಮುಷ್ಟಿಯನ್ನು ಬಿಚ್ಚಲೂ ಆಗದೆ, ಇಳಿಸಲೂ ಆಗದೆ ಹಾಗೇ ಎತ್ತಿ ಹಿಡಿದಿದ್ದಳು.

"ನೀ ಅಕಿ ಎದುರಿಗಿದ್ದೇನು?" ಎಂದಳು ಅಜ್ಜಿ.

"ಹೂಂ... ಎದುರಿಗೇ."

"ಹಂಗಾದ್ರ ನಿನಗ ಈ ಕಡಿ ಕಂಡಿರತೈತಿ." ಅಜ್ಜಿ ಅತ್ತೆಯ ಬಲಗೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. ಎಡಗೈಯನ್ನು ಎತ್ತಿ, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮಾಡಿದಳು. "ಇದು. ಈ ಕೈಯಾಗ ಹಿಡಕಂಡಿದ್ಲು."

"ಹೌದಬೇ. ಅದಾ ಕೈ" ಎಂದಳು ಹುಸೇನಬಿ ಅತ್ತೆ. ಅಲ್ಲಿಗೆ ಅವಳಿಗೆ ತಡೆಯಲಾಗಲಿಲ್ಲ. ಇಬ್ಬರೂ ಒಬ್ಬರ ಹೆಗಲಿಗೊಬ್ಬರು ಹಣೆ ಕೊಟ್ಟು ಅತ್ತರು. ಅವ್ವ ಹೋದ ಮೇಲೆ ಅಜ್ಜಿ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲೆ ಅಜ್ಜಿ ಕೈ ತೊಳೆದು, ತನ್ನ ಕೊರಳಿನ ಲಿಂಗ ಬಿಚ್ಚಿ, ಉಳಿದ ನೀರು ಎರೆದು ಪೂಜೆ ಮಾಡಿದಳು. ನಾನು ಇನ್ನೂ ಹೊಟ್ಟೆಗೊತ್ತಿಕೊಂಡಿದ್ದ ಪೊಟ್ಟಣವನ್ನು ಕೇಳಿ ಇಸಕೊಂಡಳು. ತಣ್ಣಗಾಗಿ ಮೆತ್ತಗಾದ ಮಂಡಾಳನ್ನು ನನಗೊಂದು ತುತ್ತು, ಹುಸೇನಬಿ ಅತ್ತೆಗೊಂದು ತುತ್ತು ಕೊಟ್ಟು ತಾನೂ ಒಂದು ಬಾಯಿಗಿಟ್ಟಳು. ನುಂಗಲು ಬಹಳ ಹೊತ್ತು ಹಿಡಿಯಿತು. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ.

ವಕೀಲರು ಕರಡಿಗೆಯನ್ನು ಒರೆಸಿ ಅವಳ ಮುಂದೆ ಇಟ್ಟರು. "ತಗೊಂಡು ಹೋಗ್ರಿ ತಾಯಿ."

"ಬರೇ ಡಬ್ಬಿ ನಾ ಏನು ಮಾಡ್ಲಿ? ನೀವಾ ಇಟ್ಟುಗೊಳ್ರಿ. ಮಂದಿ ಅಳತಾರಂತೀರಿ, ಅಳಲಿ" ಎಂದಳು ಅಜ್ಜಿ.

ಊರಿಗೆ ಬಂದು ಅಯ್ಯನವರಿಗೆ, "ಲಿಂಗ ಅಕಿ ಕೈಯಾಗಾ ಐತಂತ್ರಿ" ಎಂದಷ್ಟೇ ಹೇಳಿದಳು. ನಾಲ್ಕು ಜನ ಜಂಗಮರಿಗೆ ಉಣಿಸಿದಳು. ನಮ್ಮ ಮನೆಯಲ್ಲಿ ಮತ್ತೆ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿಯುವ ಸಪ್ಪಳ ಕೇಳತೊಡಗಿತು. ನಂಬಿದ್ದಳೇ? ಮರುವರ್ಷ ಕಾಲುವೆಯ ನೀರು ನಿಂತಾಗ ಕೋಲು ಹಿಡಿದು ಮತ್ತೆ ಹೊರಟಳು. ಎಲ್ಲಿಗೆ ಎಂದು ಕೇಳಿದರೆ, "ಹಿಂಗಾ, ಗಾಳಿಗೆ" ಎಂದಳು. ನಾನು ಮತ್ತೆ ಕೇಳಲಿಲ್ಲ. ಕಾಲು ನಡೆಯುವ ತನಕ ಪ್ರತಿ ಬೇಸಿಗೆಯೂ ಹೋದಳು. ಸಂಜೆ ಬಂದು ಉಂಡಳು. ನನ್ನನ್ನು ಬೆಳೆಸಿದಳು.

ಹೋದ ಬೇಸಿಗೆಯಲ್ಲಿ ಕುರುಗೋಡಿನ ಕಡೆ ಒಂದು ಮದುವೆಗೆ ಹೋದವಳು ಕಾಲುವೆಯ ದಾರಿ ಹಿಡಿದೆ. ಗೋಡೆಯ ಸುಣ್ಣ ಉದುರುತ್ತಿದೆ. ಗಾಜು ಮಬ್ಬಾಗಿದೆ. ಅಂಗಿಗಳಿಗೆ ನುಸಿ ಬಿದ್ದು ತೋಳುಗಳಷ್ಟೇ ಉಳಿದಿವೆ. ಕಾವಲಿಗೆ ಹೊಸ ಹುಡುಗಿ ಇದ್ದಾಳೆ. ಸಾಲೆಯ ಮಕ್ಕಳು ಬಂದಿದ್ದರು, ಅವರ ಹಿಂದೆ ನಿಂತೆ. ಹುಡುಗಿ ನಡುವಿನ ಪೆಟ್ಟಿಗೆಯ ಹತ್ತಿರ ಬಂದು, "ಈ ತಾಯಿ ಮುಳುಗೋವಾಗ ಲಿಂಗ ತಗದು ಎಡಗೈಯಾಗ ಹಿಡಕಂಡು, ನಮ್ಮವ್ವಗ ಹೇಳ್ರಿ ಅಂದು ಕಣ್ಣು ಮುಚ್ಚಿದ್ಲಂತ" ಎಂದಳು. ಮಕ್ಕಳು ಕೈಮುಗಿದರು. ಅಂದು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ ವಕೀಲರು ಆ ಮಾತನ್ನು ಹೇಳಿ ಹೋಗಿದ್ದರು.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಹುಸೇನಬಿ ಅತ್ತೆಯೂ ಹೋದಳು. ಅವ್ವನ ಕೊನೆಯ ಗಳಿಗೆ ಹಾಗಿರಲಿಲ್ಲ ಎಂದು ತಿಳಿದವರು ನನ್ನನ್ನು ಬಿಟ್ಟರೆ ಅವರಿಬ್ಬರೇ ಇದ್ದರು. ಹಾಗಲ್ಲದೆ ಇನ್ನು ಹೇಗಿತ್ತು ಎಂದು ಕೇಳೋಣವೆಂದರೆ ಈ ಭೂಮಿಯ ಮೇಲೆ ಒಂದು ಜೀವವಿಲ್ಲ. ಅವ್ವನ ದನಿ ಹೇಗಿತ್ತು ಎಂದು ಹೇಳುವವರೂ ಇಲ್ಲ. ನಾನು ಎಷ್ಟು ನೆನೆದರೂ ಅದು ನನ್ನ ದನಿಯಲ್ಲೇ ಕೇಳುತ್ತದೆ.

ಮಕ್ಕಳು ಹೊರಗೆ ಓಡಿದರು. ನಾನು ಅಲ್ಲೇ ನಿಂತಿದ್ದನ್ನು ಕಂಡು ಹುಡುಗಿ ಹತ್ತಿರ ಬಂದಳು.

"ಅಕ್ಕಾರ, ಹಿಂದ ನಿಂತಿದ್ರಿ. ಕೇಳಿಸಲಿಲ್ಲೇನ್ರಿ?"

"ಇಲ್ಲಮ್ಮ" ಎಂದೆ. "ಇನ್ನೊಮ್ಮೆ ಹೇಳು."